ಹಾಕಿ ಸ್ಟಿಕ್ ಕೆಳಗಿಟ್ಟ ತಮ್ಮನಿಗೆ

ತಮ್ಮಾ, ನಿನಗೆ ಆಗುತ್ತಿರುವುದು ಸೋಮಾರಿತನ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೊನ್ನೆ ಫೋನಿನಲ್ಲಿ ನಿನ್ನನ್ನು ನೀನೇ ಸೋಮಾರಿ ಎಂದು ಮತ್ತೆ ಮತ್ತೆ ಬೈದುಕೊಂಡೆ. ಬೆಳಿಗ್ಗೆ ಐದಕ್ಕೇ ಎಚ್ಚರವಾಗುತ್ತದೆ, ಎದ್ದು ಏನು ಮಾಡಬೇಕು ತಿಳಿಯುವುದಿಲ್ಲ, ಆಫೀಸಿನ ಹೊತ್ತಾಗುವವರೆಗೆ ಗೋಡೆ ನೋಡುತ್ತಾ ಬಿದ್ದಿರುತ್ತೇನೆ ಎಂದೆ. ಕೂಡಿಗೆಯ ಕ್ರೀಡಾಶಾಲೆಗೆ ಸೇರಿದಾಗ ನೀನಿನ್ನೂ ಚಡ್ಡಿ ಹಾಕುವ ಹುಡುಗ. ಅಲ್ಲಿಂದ ಮೊನ್ನೆ ಮೊನ್ನೆಯವರೆಗೆ ನಿನ್ನ ದಿನವನ್ನು ಬೇರೆ ಯಾರೋ ಬರೆದುಕೊಟ್ಟರು. ಎಷ್ಟು ಗಂಟೆಗೆ ಏಳಬೇಕು, ತಟ್ಟೆಯಲ್ಲಿ ಏನಿರಬೇಕು, ಯಾವ ದಿನ ಜಿಮ್, ಯಾವ ದಿನ ಓಟ, ಯಾವ ಊರಿನ ಯಾವ ಹೋಟೆಲಿನಲ್ಲಿ ಯಾರ ಜೊತೆ ರೂಮು, ಎಲ್ಲವೂ ಒಂದು ಹಾಳೆಯ ಮೇಲೆ ಬರುತ್ತಿತ್ತು. ಒಂದು ದಿನ ಆ ಹಾಳೆ ಬರುವುದೇ ನಿಂತುಹೋಯಿತು. ಮೂವತ್ತೆರಡು ವರ್ಷದ ಗಂಡಸಿಗೆ ತನ್ನ ಬೆಳಗನ್ನು ತಾನೇ ಹೂಡಿಕೊಳ್ಳುವ ರೂಢಿ ಇಲ್ಲವೆಂದರೆ ಅದು ಅವನ ಗುಣದ ಕುಂದಲ್ಲ. ಅದನ್ನು ಅವನಿಗೆ ಯಾರೂ ಕಲಿಸಲಿಲ್ಲ, ಅಷ್ಟೇ.

ನಾನು ಆಟಗಾರನಲ್ಲ. ಕಲಬುರಗಿ ಕಡೆಯಿಂದ ವಾಡಿ ಮಾರ್ಗದ ರೈಲು ಹತ್ತಿ ಹೈದರಾಬಾದಿನ ಈ ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು, ಇಲ್ಲೇ ನೌಕರಿ ಮಾಡಿ, ಇಲ್ಲೇ ಮುದುಕನಾದವನು. ಆದರೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಬಂದ ಹುಡುಗರ ಮಗ್ಗುಲಲ್ಲೇ ನನ್ನ ನೌಕರಿ ಕಳೆಯಿತು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇರುತ್ತಿತ್ತು, ಕುರ್ಚಿ ಖಾಲಿ ಇರುತ್ತಿತ್ತು. ಕ್ಯಾಂಪು, ಟೂರ್ನಿ, ವಿಶೇಷ ರಜೆ. ಪೇಪರಿನಲ್ಲಿ ಫೋಟೊ ಬಂದರೆ ಆಫೀಸಿಗೆಲ್ಲ ಸಿಹಿ. ಆಮೇಲೆ ಒಂದು ದಿನ ಅದೇ ಹುಡುಗ ಆ ಕುರ್ಚಿಯಲ್ಲಿ ಬಂದು ಕೂರುತ್ತಿದ್ದ, ಮಂಡಿಗೆ ಪಟ್ಟಿ ಕಟ್ಟಿಕೊಂಡು, ಮುಂದಿರುವ ಫೈಲನ್ನು ಎಲ್ಲಿಂದ ಬಿಚ್ಚಬೇಕೆಂದು ತಿಳಿಯದೆ. ಅವನಿಗಿಂತ ಹತ್ತು ವರ್ಷ ಚಿಕ್ಕವಳೊಬ್ಬಳು ಟಿಪ್ಪಣಿ ಬರೆಯುವುದು ಹೇಗೆಂದು ತೋರಿಸುವಾಗ ಅವನ ಕಿವಿ ಕೆಂಪಾಗುವುದನ್ನು ನೋಡಿದ್ದೇನೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿತ್ತು, ಮನೆ ಇತ್ತು, ಮಕ್ಕಳಿದ್ದರು. ಆದರೂ ಅವರಲ್ಲಿ ಕೆಲವರು ನಮ್ಮ ಕಣ್ಣೆದುರೇ ಕುಗ್ಗಿಹೋದರು. ನೌಕರಿ ಇದೆಯಲ್ಲ, ಇನ್ನೇನು ಬೇಕು ಎಂದು ಊರಿನವರು ನಿನ್ನನ್ನು ಕೇಳಿದಾಗ ನಿನಗೆ ಉತ್ತರ ಹೊಳೆಯಲಿಲ್ಲ ಎಂದೆಯಲ್ಲ, ಅದಕ್ಕೇ ಇದನ್ನು ಹೇಳಿದೆ. ನೌಕರಿ ಹೊಟ್ಟೆಯನ್ನು ನೋಡಿಕೊಳ್ಳುತ್ತದೆ. ನೀನು ಕಳೆದುಕೊಂಡದ್ದು ಬೇರೆ.

ಅದು ಸಾವು ಎಂದೇ ತಿಳಿ. ಮನೆಯಲ್ಲಿ ಒಬ್ಬರು ತೀರಿಹೋದರೆ ಹನ್ನೊಂದನೇ ದಿನ ಇದೆ, ವರ್ಷಕ್ಕೊಮ್ಮೆ ತಿಥಿ ಇದೆ, ಬಂದು ಕೂತು ಅಳುವ ನೆಂಟರಿದ್ದಾರೆ. ಆಟ ತೀರಿಹೋದರೆ ಯಾವ ಕ್ರಮವೂ ಇಲ್ಲ. ವಾಟ್ಸಾಪ್ ಗುಂಪಿನಿಂದ ನಿನ್ನ ನಂಬರು ಹೋಗುತ್ತದೆ, ಕಿಟ್ ಬ್ಯಾಗು ಅಟ್ಟ ಸೇರುತ್ತದೆ. ಹಾಗಾಗಿ ದುಃಖ ಬಂದರೆ ಇದೇಕೆ ಬಂತು ಎಂದು ನಾಚಬೇಡ. ಹುಡುಗತನದಿಂದ ಜೊತೆಗಿದ್ದದ್ದು ಹೋಗಿದೆ, ದುಃಖ ಬರಲೇಬೇಕು. ನಿನಗೆ ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇಷ್ಟೇ: ಅದನ್ನು ಒಪ್ಪಿಕೋ, ಅದಕ್ಕೆ ಕಾಲ ಕೊಡು, ಆದರೆ ಅದರ ಜೊತೆ ಒಬ್ಬನೇ ಕೂರಬೇಡ.

ಎಲ್ಲರಿಗೂ ಭಾರತ ಹಾಕಿ ತಂಡದ ಶ್ರೀಜೇಶ್‌ಗೆ ಸಿಕ್ಕಂಥ ಬೀಳ್ಕೊಡುಗೆ ಸಿಗುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಕೊರಳಿಗೆ ಬಿದ್ದ ಮೇಲೆ ಅವರು ಆಟ ನಿಲ್ಲಿಸಿದರು. ಅವರು ತೊಡುತ್ತಿದ್ದ 16ರ ಜೆರ್ಸಿಯನ್ನು ಹಿರಿಯರ ತಂಡದಲ್ಲಿ ಇನ್ನು ಯಾರಿಗೂ ಕೊಡುವುದಿಲ್ಲವೆಂದು ಹಾಕಿ ಇಂಡಿಯಾ ಹೇಳಿತು, ಬೆನ್ನಿಗೇ ಜೂನಿಯರ್ ತಂಡದ ಕೋಚ್ ಹುದ್ದೆಯೂ ಬಂತು. ನೋಡಿ ಕಣ್ತುಂಬಿತು. ಆದರೆ ಅದು ಅಪರೂಪದ ಮುಕ್ತಾಯ. ನಿನ್ನ ಊರಿನ ಕಡೆಯವರೇ ಆದ ಎಸ್.ವಿ. ಸುನಿಲ್‌ರನ್ನು ನೆನೆ. ಸೋಮವಾರಪೇಟೆಯ ಬಡಗಿಯ ಮಗ. 2007ರ ಏಷ್ಯಾ ಕಪ್‌ನಿಂದ ಶುರುಮಾಡಿ ಹದಿನಾಲ್ಕು ವರ್ಷ, 264 ಪಂದ್ಯ, 72 ಗೋಲು. 2012ರಲ್ಲಿ ಲಂಡನ್ನಿನಲ್ಲಿ ಭಾರತ ಕಟ್ಟಕಡೆಯ ಸ್ಥಾನಕ್ಕೆ ಇಳಿದಾಗ ಅವರು ಅಲ್ಲಿದ್ದರು, 2016ರಲ್ಲಿ ರಿಯೊದಲ್ಲೂ ಇದ್ದರು. ನಲವತ್ತೊಂದು ವರ್ಷದ ಮೇಲೆ ಟೋಕಿಯೊದಲ್ಲಿ ಪದಕ ಬಂತಲ್ಲ, ಆ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಎರಡು ತಿಂಗಳೊಳಗೆ, 2021ರ ಅಕ್ಟೋಬರಿನಲ್ಲಿ, ನಿವೃತ್ತಿ ಘೋಷಿಸಿದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಹಕ್ಕು ನನಗಿಲ್ಲ. ಆದರೆ ಬಿತ್ತಿದವರು ಸುಗ್ಗಿಯ ಹೊತ್ತಿಗೆ ಹೊಲದಲ್ಲಿ ಇರದೆ ಹೋಗುವುದು ಹಾಕಿಯಲ್ಲಿ ಹೊಸತಲ್ಲ ಎಂಬುದನ್ನು ನೀನು ತಿಳಿದಿರಬೇಕು. ನಿನ್ನನ್ನು ಕೈಬಿಟ್ಟದ್ದು ನಿನ್ನೊಬ್ಬನ ಹಣೆಬರಹ ಅಲ್ಲ.

1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ನಿನಗೆ ನೆನಪಿರುವುದಿಲ್ಲ, ನೀನಾಗ ಪುಟ್ಟ ಮಗು. ಕೊರಿಯಾ ಎದುರಿನ ಫೈನಲ್ ಟೈ-ಬ್ರೇಕರ್‌ಗೆ ಹೋಯಿತು. ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್ ಗೋಲಿನಲ್ಲಿ ಗೋಡೆಯಾಗಿ ನಿಂತರು, 1966ರ ನಂತರ ಮೊದಲ ಸಲ ಚಿನ್ನ ಬಂತು. ಅದರ ಮುಂದಿನ ಸರಣಿಗೆ ತಂಡ ಆರಿಸುವಾಗ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ ಹಿರಿಯರಲ್ಲಿ ಹಲವರ ಹೆಸರೇ ಇರಲಿಲ್ಲ. ವಿಶ್ರಾಂತಿ ಎಂದರು. ಚಿನ್ನ ಗೆದ್ದವರಿಗೇ ಹಾಗಾಯಿತು. ಇನ್ನೂ ಹಿಂದೆ ಹೋದರೆ ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್. ಬೆಳಗಾವಿಯಲ್ಲಿ ತರಬೇತಿ ಕೇಂದ್ರವಿರುವ ಮರಾಠಾ ಪದಾತಿ ದಳದ ಸೈನಿಕ. ಮೂರು ಒಲಿಂಪಿಕ್ಸ್, ಎರಡು ಚಿನ್ನ, ಒಂದು ಬೆಳ್ಳಿ. 1968ರ ತಂಡದಿಂದ ಬಿಟ್ಟಾಗ ಆಟದಿಂದಲೇ ದೂರ ಹೋದರು. 2006ರಲ್ಲಿ ಮ್ಹೊವ್‌ನಲ್ಲಿ ಕಾಲಿನ ಗ್ಯಾಂಗ್ರಿನ್‌ನಿಂದ ನರಳಿ ತೀರಿಕೊಂಡರು. ಅಂಥವರನ್ನು ಆ ಸ್ಥಿತಿಗೆ ಬಿಟ್ಟ ದೇಶದ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಹಾಕಿ ನಮ್ಮ ಹೆಮ್ಮೆ ಎಂದು ಭಾಷಣ ಮಾಡುವವರು ಆಡಿ ಮುಗಿಸಿದವನ ಮನೆಯ ಬಾಗಿಲು ತಟ್ಟುವುದನ್ನು ನಾನು ಹೆಚ್ಚು ನೋಡಿಲ್ಲ.

ಇಂಥ ಕತೆಗಳಲ್ಲಿ ಜುಗರಾಜ್ ಸಿಂಗ್‌ರದ್ದು ನನಗೆ ಬಹಳ ಹತ್ತಿರ. 2001ರ ಜೂನಿಯರ್ ವಿಶ್ವಕಪ್ ಗೆದ್ದ ತಂಡದ ಹುಡುಗ, ದೇಶದಲ್ಲೇ ಹೆಸರಾದ ಡ್ರ್ಯಾಗ್ ಫ್ಲಿಕ್ಕರ್. 2003ರ ಸೆಪ್ಟೆಂಬರಿನಲ್ಲಿ ಕಾರು ಅಪಘಾತ. ವಯಸ್ಸು ಇಪ್ಪತ್ತು. ಆ ಹಳೆಯ ಆಟ ಮರಳಿ ಬರಲಿಲ್ಲ. ಮುಂದೆ ಅವರು ತಮಗೆ ಗೊತ್ತಿದ್ದ ಆ ಒಂದು ವಿದ್ಯೆಯನ್ನೇ ಹಿಡಿದು ಕಿರಿಯರಿಗೆ ಪೆನಾಲ್ಟಿ ಕಾರ್ನರ್ ಹೊಡೆಯುವುದನ್ನು ಕಲಿಸಲು ನಿಂತರು. ಇಪ್ಪತ್ತರಲ್ಲಿ ಕಳೆದುಕೊಂಡವರು ಒಂದೇ ತಿಂಗಳಲ್ಲಿ ಅಲ್ಲಿಗೆ ತಲುಪಿರಲಾರರು. ನಡುವೆ ಹಲವು ವರ್ಷಗಳಿವೆ. ಪೇಪರಿನವರು ಆ ವರ್ಷಗಳನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಬದುಕುವವನು ಅವನ್ನು ಒಂದೊಂದು ದಿನವಾಗಿ ದಾಟಬೇಕು. ನೀನು ಈಗ ಇರುವುದು ಅಲ್ಲಿ.

ಮೈಯ ವಿಚಾರ. ಇಷ್ಟು ವರ್ಷ ದಿನಕ್ಕೆ ಎರಡು ಹೊತ್ತು ದುಡಿದ ದೇಹವನ್ನು ಒಮ್ಮೆಗೇ ನಿಲ್ಲಿಸಬೇಡ. ಹಸಿವು ಹಳೆಯದೇ ಇರುತ್ತದೆ, ಓಟ ಇರುವುದಿಲ್ಲ, ತೂಕ ಏರುತ್ತದೆ, ಕನ್ನಡಿ ನೋಡಿದರೆ ಇನ್ನಷ್ಟು ಬೇಸರ. ನಿದ್ದೆ ಕೆಡುವುದರಲ್ಲೂ ಇದರ ಪಾಲಿದೆ. ನಿಧಾನಕ್ಕೆ ಇಳಿಸು. ಪಬ್ಲಿಕ್ ಗಾರ್ಡನ್ ನಿನ್ನ ಮನೆಯಿಂದ ನಡೆದುಹೋಗುವಷ್ಟು ದೂರ, ಬೆಳಿಗ್ಗೆ ಐದಕ್ಕೆ ಎಚ್ಚರವಾದರೆ ಗೋಡೆ ಬಿಟ್ಟು ಅಲ್ಲಿಗೆ ಬಾ, ಬೇಗನೆ ಎದ್ದವರು ನೂರಾರು ಜನ ಸಿಗುತ್ತಾರೆ. ಬಗ್ಗಿ ಬಗ್ಗಿ ಆಡಿದ ಬೆನ್ನು, ಹೊಲಿಗೆ ಹಾಕಿಸಿಕೊಂಡ ಹುಬ್ಬು, ಇವನ್ನು ತೋರಿಸಿಕೋ. ತಲೆಗೆ ಪೆಟ್ಟು ಬಿದ್ದು ಕಣ್ಣು ಕತ್ತಲೆ ಬಂದ ಸಲಗಳನ್ನು ಡಾಕ್ಟರಿಗೆ ಬಿಡದೆ ಹೇಳು. ಹಳೆಯ ಪೆಟ್ಟು ತಲೆನೋವಾಗಿ, ಮರೆವಾಗಿ, ಕಾರಣವಿಲ್ಲದ ಸಿಟ್ಟಾಗಿ ಆಮೇಲೆ ಕಾಣಿಸಿಕೊಳ್ಳಬಹುದು.

ಮನಸ್ಸಿನ ವಿಚಾರದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹ್ಯಾಮ್‌ಸ್ಟ್ರಿಂಗ್ ಹಿಡಿದರೆ ಅದೇ ಸಂಜೆ ಫಿಸಿಯೋ ಹತ್ತಿರ ಓಡುತ್ತಿದ್ದ ನೀನು, ನಾಲ್ಕು ತಿಂಗಳಿಂದ ನಿದ್ದೆ ಇಲ್ಲದಿರುವುದನ್ನು ಹೆಂಡತಿಗೂ ಹೇಳಿಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ ಬೇಸರ ಬಿಡದಿದ್ದರೆ, ಇಷ್ಟವಿದ್ದ ಯಾವುದೂ ರುಚಿಸದಿದ್ದರೆ, ಊಟ ನಿದ್ದೆ ಹಳಿ ತಪ್ಪಿದ್ದರೆ, ನಾನು ಯಾತಕ್ಕೂ ಬಾರದವನು ಎಂಬುದು ತಲೆಯಲ್ಲಿ ಸುತ್ತುತ್ತಲೇ ಇದ್ದರೆ ಡಾಕ್ಟರನ್ನು ಕಾಣಬೇಕು. ನಾನು ಇಲ್ಲದಿದ್ದರೇ ಚೆನ್ನಾಗಿತ್ತು ಎಂಬ ಯೋಚನೆ ಒಂದು ಸಲ ಬಂದರೂ ಅದೇ ದಿನ, ಅದೇ ಗಂಟೆಗೆ ಯಾರಿಗಾದರೂ ಹೇಳಬೇಕು. ನನಗೆ ಹೇಳು, ರಾತ್ರಿ ಎರಡಾದರೂ ಸರಿ. 14416 ಎಂಬ ನಂಬರನ್ನು ಈಗಲೇ ಫೋನಿಗೆ ಹಾಕಿಕೋ. ಅದು ಟೆಲಿ-ಮಾನಸ್, ಮನಸ್ಸಿನ ಆರೋಗ್ಯಕ್ಕೆಂದು ಇರುವ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾಂಪಲ್ಲಿಯಲ್ಲಿ ನೀನು ತೆಲುಗು ಕಲಿತೆ, ದಖ್ಖನಿ ಉರ್ದುವಿನಲ್ಲಿ ಆಟೋದವನ ಜೊತೆ ಚೌಕಾಸಿ ಮಾಡುವಷ್ಟು ಪಳಗಿದೆ. ಆದರೆ ಎದೆಯೊಳಗಿನದನ್ನು ಹೇಳುವಾಗ ಮನುಷ್ಯ ಚಿಕ್ಕಂದಿನ ಮಾತಿಗೇ ಹೋಗಬೇಕಾಗುತ್ತದೆ. ನೀನು ಮೊನ್ನೆ ಫೋನಿನಲ್ಲಿ ಅತ್ತದ್ದು ಯಾವ ಮಾತಿನಲ್ಲಿ ಎಂದು ನೆನಪು ಮಾಡಿಕೋ.

ಈ ಊರಿನಲ್ಲಿ ಎರ್ರಗಡ್ಡ ಎಂದರೆ ಜನ ನಗುತ್ತಾರೆ. ಅಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ, ಆ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದಾರೆ. ನಮ್ಮ ಕಡೆಯವರು ನಿಮ್ಹಾನ್ಸ್ ಹೆಸರನ್ನು ಹಾಗೆ ಬಳಸುವುದೂ ಕೇಳಿದ್ದೇನೆ. ಎಷ್ಟೊಂದು ಮನೆಗಳನ್ನು ಉಳಿಸಿಕೊಟ್ಟ ಜಾಗಗಳು ಅವು! ಆ ನಗೆಗೆ ಹೆದರಿ ಹೋಗದೆ ಇರಬೇಡ. ಔಷಧಿ ಕೊಟ್ಟರೆ ತೆಗೆದುಕೋ. ಮನಸ್ಸಿನ ಗುಳಿಗೆ ನೋವಿನ ಗುಳಿಗೆಯ ಹಾಗೆ ಅರ್ಧ ಗಂಟೆಯಲ್ಲಿ ಹಿಡಿಯುವುದಿಲ್ಲ, ಕೆಲವು ವಾರ ಬೇಕು. ಸ್ವಲ್ಪ ಹಗುರಾಯಿತೆಂದು ನೀನಾಗಿಯೇ ನಿಲ್ಲಿಸಲೂ ಬಾರದು. ಬ್ರಿಟನ್ನಿನ ಹೆಲೆನ್ ರಿಚರ್ಡ್‌ಸನ್-ವಾಲ್ಶ್ ಬೆನ್ನಿನ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಖಿನ್ನತೆಗೆ ಜಾರಿದವರು, ಅದನ್ನು ಮುಚ್ಚಿಡದೆ ಹೇಳಿಕೊಂಡವರು. ಅವರೇ 2016ರಲ್ಲಿ ರಿಯೊದಲ್ಲಿ ಹಾಕಿ ಚಿನ್ನ ಗೆದ್ದ ತಂಡದಲ್ಲಿದ್ದರು, ಆಮೇಲೆ ಮನಶ್ಶಾಸ್ತ್ರದ ಹಾದಿಯನ್ನೇ ಹಿಡಿದರು. ನಮ್ಮ ತಂಡಕ್ಕೂ 2023ರಲ್ಲಿ ಮನಸ್ಸಿನ ತರಬೇತಿಗೆಂದು ಪ್ಯಾಡಿ ಅಪ್ಟನ್ ಬಂದರು, ಮರುವರ್ಷದ ಪ್ಯಾರಿಸ್ ಪದಕದಲ್ಲಿ ಅವರ ಪಾಲೂ ಇತ್ತೆಂದು ಎಲ್ಲರೂ ಮೆಚ್ಚಿದರು. ನನ್ನ ಪ್ರಶ್ನೆ ಒಂದೇ. ಆಡುತ್ತಿರುವಾಗ ಮನಸ್ಸಿಗೊಬ್ಬ ಗುರು ಬೇಕೆಂದು ಒಪ್ಪಿದವರು ಆಟ ಬಿಟ್ಟ ಮೊದಲ ವರ್ಷಕ್ಕೆ ಯಾಕೆ ಯಾರನ್ನೂ ಕಳಿಸುವುದಿಲ್ಲ? ಅಂತರರಾಷ್ಟ್ರೀಯ ಪಂದ್ಯ ಆಡದ, ಇಲಾಖಾ ಟೂರ್ನಿಗಳಲ್ಲೇ ಮಂಡಿ ಸವೆಸಿದ ನಿನ್ನಂಥ ಸಾವಿರ ಹುಡುಗರಿಗಂತೂ ಯಾರೂ ಇಲ್ಲ.

ಕುಡಿತದ ಮಾತು ನೀನಾಗಿ ಎತ್ತಲಿಲ್ಲ, ನಾನು ಎತ್ತುತ್ತೇನೆ. ಹಬ್ಬಕ್ಕೋ ಮದುವೆಗೋ ಗೆಳೆಯರ ಜೊತೆ ತೆಗೆದುಕೊಳ್ಳುವುದು ನಿಮ್ಮ ಕಡೆಯ ಪದ್ಧತಿ, ಅದರ ಬಗ್ಗೆ ನಾನು ಮಾತಾಡುತ್ತಿಲ್ಲ. ನಿದ್ದೆ ಬರಲಿ ಎಂದು ಒಬ್ಬನೇ ಬಾಗಿಲು ಹಾಕಿಕೊಂಡು ಕುಡಿಯುವುದನ್ನು ನಿಲ್ಲಿಸು. ಅದು ಮೊದಲ ನಿದ್ದೆ ಕೊಟ್ಟು ನಡುರಾತ್ರಿಯ ನಿದ್ದೆ ಕಸಿಯುತ್ತದೆ, ಖಿನ್ನತೆಯನ್ನು ಇನ್ನೂ ಆಳಕ್ಕೆ ತಳ್ಳುತ್ತದೆ. ದುಡ್ಡು ಕಟ್ಟಿ ಆಡುವ ಮೊಬೈಲ್ ಆಟಗಳೂ ಅಷ್ಟೇ. ಗೆಲುವಿನ ರುಚಿ ಹತ್ತಿದ ನಾಲಿಗೆಯನ್ನು ಅವು ಚೆನ್ನಾಗಿ ಬಲ್ಲವು.

ಆಫೀಸಿನ ಕೆಲಸವನ್ನು ಶಿಕ್ಷೆ ಎಂದುಕೊಳ್ಳಬೇಡ. ಕಲಿಸುವವಳು ಚಿಕ್ಕವಳಾದರೂ ಅವಳ ಪಕ್ಕ ಕೂತು ಕಲಿ. ಹದಿನೈದು ವರ್ಷ ಕೋಚ್ ಬೈದದ್ದನ್ನು ಕೇಳಿ ತಿದ್ದಿಕೊಂಡ ನಿನಗೆ ಕಲಿಯುವ ಅಭ್ಯಾಸ ಆ ಆಫೀಸಿನ ಯಾರಿಗಿಂತಲೂ ಹೆಚ್ಚಿದೆ. ಕೇಂದ್ರದ ಕ್ರೀಡಾ ಪಿಂಚಣಿ ಇರುವುದು ಒಲಿಂಪಿಕ್ಸ್, ವಿಶ್ವಕಪ್, ಏಷ್ಯನ್ ಗೇಮ್ಸ್‌ನಂಥ ಕಡೆ ಪದಕ ಗೆದ್ದವರಿಗೆ, ಅದನ್ನು ನಂಬಿ ಕೂರಬೇಡ. ಆದರೆ 2024ರ ಆಗಸ್ಟ್ 29ರಂದು, ಧ್ಯಾನ್‌ಚಂದ್ ಹುಟ್ಟಿದ ದಿನ, ರೀಸೆಟ್ ಎಂಬ ಯೋಜನೆ ಘೋಷಿಸಿದರು. ನಿವೃತ್ತರಾದ 20ರಿಂದ 50 ವರ್ಷದ ಕ್ರೀಡಾಪಟುಗಳಿಗೆ ಹೊಸ ಕೌಶಲ ಕಲಿಸುವುದು ಅದರ ಉದ್ದೇಶ, ಓದು ಕಡಿಮೆ ಇದ್ದವರಿಗೂ ಒಂದು ಹಂತವಿದೆ. ನಿನಗೆ ಅರ್ಹತೆ ಇದೆಯೋ ವಿಚಾರಿಸಿ ನೋಡೋಣ. ನಿನ್ನ ಲೆಕ್ಕ ತಪ್ಪಿಸಿದ್ದರಲ್ಲಿ ಲೀಗಿನ ಪಾಲೂ ಇದೆ. 2017ರಲ್ಲಿ ಹಾಕಿ ಇಂಡಿಯಾ ಲೀಗ್ ನಿಂತಿತು, ಮತ್ತೆ ಶುರುವಾದದ್ದು 2024ರ ಡಿಸೆಂಬರಿನಲ್ಲಿ. ಆ ಏಳು ವರ್ಷವೇ ನಿನ್ನ ಕಾಲಿನ ಒಳ್ಳೆಯ ವರ್ಷಗಳು. ಅದಕ್ಕೆ ನೀನು ಹೊಣೆಯಲ್ಲ.

ಎಲ್ಲರೂ ಹೇಳುವುದು ಕೋಚ್ ಆಗು ಎಂದು. ನಾನು ಈಗಲೇ ಬೇಡ ಎನ್ನುತ್ತೇನೆ. ಇನ್ನೂ ನಾಲ್ಕು ಜನ ನನ್ನನ್ನು ನೋಡಲಿ ಎಂಬ ಹಸಿವಿನಿಂದ ಮೈದಾನಕ್ಕೆ ಮರಳಿದರೆ ಆ ಹಸಿವಿನ ಬೆಲೆಯನ್ನು ಮಕ್ಕಳು ತೆರಬೇಕಾಗುತ್ತದೆ. ನಿನ್ನ ಕೈಗೆ ಸಿಗದದ್ದನ್ನು ಅವರ ಕೈಯಿಂದ ಕಿತ್ತು ತೆಗೆಯಲು ಹೋಗುತ್ತೀಯ. ಮನಸ್ಸು ಸ್ವಲ್ಪ ಮಾಗಲಿ. ಭಾರತ ತಂಡದ ನಾಯಕರಾಗಿದ್ದ ಜೂಡ್ ಫೆಲಿಕ್ಸ್ 2009ರಲ್ಲಿ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿ, ಅನಾಥಾಲಯದ ಮಕ್ಕಳ ಕೈಗೆ ಸ್ಟಿಕ್ ಕೊಟ್ಟರು. ಅಷ್ಟು ಹೊತ್ತಿಗೆ ಅವರು ಆಟ ಬಿಟ್ಟು ಬಹಳ ವರ್ಷಗಳಾಗಿದ್ದವು. ಕಲಿಸುವ ಆಸೆ ನಿಜವಾಗಿ ಬಂದ ದಿನ ಗಚ್ಚಿಬೌಲಿಯ ಮೈದಾನವೂ ಇಲ್ಲೇ ಇದೆ, ಕಾಚಿಗುಡದಲ್ಲಿ ನಮ್ಮ ಕನ್ನಡದ ನೃಪತುಂಗ ಶಾಲೆಯೂ ಇದೆ. ಮೂರು ಒಲಿಂಪಿಕ್ಸ್ ಆಡಿದ ಮುಕೇಶ್ ಕುಮಾರ್‌ರನ್ನು ಕೊಟ್ಟ ಊರು ಇದು. ಹಾಕಿ ಕಲಿಯುವ ಮಕ್ಕಳು ಇಲ್ಲಿ ಸಿಗದೆ ಇರುವುದಿಲ್ಲ.

ಕಲಿಸುವುದು ಬೇಡ ಎಂದೆ, ಆಡುವುದನ್ನು ಬೇಡ ಎನ್ನಲಿಲ್ಲ. ಕೊಡಗಿನವನಾಗಿ ಹುಟ್ಟಿದ್ದು ಈ ವಿಷಯದಲ್ಲಿ ನಿನ್ನ ದೊಡ್ಡ ಅದೃಷ್ಟ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಬಂದದ್ದು 60 ಒಕ್ಕಗಳ ತಂಡ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕಪ್‌ಗೆ 360 ತಂಡ ಸೇರಿ ಗಿನ್ನೆಸ್ ಪುಸ್ತಕಕ್ಕೇ ಹೋಯಿತು. ಅಲ್ಲಿ ಆಯ್ಕೆ ಸಮಿತಿ ಇಲ್ಲ. ಒಲಿಂಪಿಕ್ಸ್ ಆಡಿ ಬಂದವನೂ, ಶಾಲೆಯ ಹುಡುಗಿಯೂ, ಮೊಮ್ಮಕ್ಕಳಿರುವ ಅಜ್ಜಿಯೂ ಒಂದೇ ಒಕ್ಕದ ಹೆಸರಿನಲ್ಲಿ ಇಳಿಯುತ್ತಾರೆ. ಫಿಟ್‌ನೆಸ್ ಪರೀಕ್ಷೆಯಲ್ಲಿ ನಪಾಸಾದರೆ ಹೊರಗೆ ಹಾಕುವವರು ಯಾರೂ ಇಲ್ಲ. ಜಗತ್ತಿನ ಬೇರೆ ಯಾವ ಆಟಗಾರನಿಗೂ ಇಂಥದ್ದು ಸುಲಭಕ್ಕೆ ಸಿಗುವುದಿಲ್ಲ. ಹೋದ ಸಲ ಮುಖ ತೋರಿಸಲು ಆಗದೆ ತಪ್ಪಿಸಿಕೊಂಡೆ ಎಂದೆ. ಬರುವ ಏಪ್ರಿಲ್‌ನಲ್ಲಿ ತಪ್ಪಿಸಿಕೊಳ್ಳಬೇಡ. ಹೊಟ್ಟೆ ಬಂದಿದ್ದರೆ ಬಂದಿರಲಿ. ನಿನ್ನ ಚಿಕ್ಕಪ್ಪನಿಗೆ ಈಗಲೇ ಫೋನು ಮಾಡಿ ತಂಡಕ್ಕೆ ಹೆಸರು ಕೊಡು, ಗೆಲ್ಲುವ ಯೋಚನೆ ಬಿಟ್ಟು ಹತ್ತು ವರ್ಷದ ಹುಡುಗನಿಗೆ ಒಂದು ಪಾಸು ಕೊಡು.

ಇನ್ನು ನಿನ್ನ ಹೆಂಡತಿ. ಇಷ್ಟು ವರ್ಷ ಮನೆಯನ್ನು ಅವಳು ಒಬ್ಬಳೇ ನಡೆಸಿದ್ದಾಳೆ, ನೀನು ಮನೆಗೆ ಬರುವ ನೆಂಟನಾಗಿದ್ದೆ. ಈಗ ದಿನವೂ ಮನೆಯಲ್ಲಿರುವ, ಮಾತಾಡದ, ಸಣ್ಣದಕ್ಕೆ ಸಿಡುಕುವ ಗಂಡನನ್ನು ಅವಳು ಹೇಗೆ ಅರ್ಥ ಮಾಡಿಕೊಳ್ಳಬೇಕು? ತನ್ನಿಂದಲೇ ಏನೋ ತಪ್ಪಾಗಿದೆ ಎಂದುಕೊಂಡಿರುತ್ತಾಳೆ. ಆಟ ಹೋದದ್ದು ನೋಯುತ್ತಿದೆ, ನಿನ್ನಿಂದಲ್ಲ ಎಂದು ಹೇಳು. ಇವತ್ತೇ ಹೇಳು. ಡಾಕ್ಟರ ಹತ್ತಿರ ಹೋಗುವಾಗ ಅವಳನ್ನೂ ಕರೆದುಕೊಂಡು ಬಾ.

ಬರುವ ಸೋಮವಾರ ಅರ್ಧ ದಿನ ರಜೆ ಹಾಕು. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಬೇಕು. ನಾಂಪಲ್ಲಿ ಮೆಟ್ರೊ ಹತ್ತಿದರೆ ಎರ್ರಗಡ್ಡ ಅದೇ ಕೆಂಪು ಮಾರ್ಗದಲ್ಲಿದೆ, ಬದಲಾಯಿಸುವ ತಾಪತ್ರಯವಿಲ್ಲ. ಆಧಾರ್ ಕಾರ್ಡು, ತಲೆಗೆ ಪೆಟ್ಟಾದಾಗ ಮಾಡಿಸಿದ ಸ್ಕ್ಯಾನಿನ ಕಾಗದ, ಈಗ ತೆಗೆದುಕೊಳ್ಳುತ್ತಿರುವ ನೋವಿನ ಗುಳಿಗೆಗಳ ಪಟ್ಟಿ, ಮೂರನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬಾ. ನೀವಿಬ್ಬರೂ ಎಂಟಕ್ಕೆ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಇರಿ, ನಾನೂ ಜೊತೆಗೆ ಬರುತ್ತೇನೆ.